ಹಕ್ಕಿ ಆ್ಯಪಿನಲ್ಲಿ ಕಂಡ ಕೂ

ಸಿದ್ದಾಪುರದಿಂದ ನಿಲ್ಕುಂದದ ಕಡೆ ಹೋಗುವ ಸಂಜೆಯ ಬಸ್ಸಿನಲ್ಲಿ ನನಗೊಂದು ಕೆಲಸ ಕಾಯಂ. ಪಕ್ಕದಲ್ಲಿ ಕೂತವರು ಮೊದಲು ಒಮ್ಮೆ ಕೆಮ್ಮುತ್ತಾರೆ, ಆಮೇಲೆ ಕಿಸೆಯಿಂದ ಫೋನು ತೆಗೆಯುತ್ತಾರೆ, ಆಮೇಲೆ, "ಇದ್ರಲ್ಲಿ ಎಂತೆಂತ ಹಾಕ್ಕೊಂಡ್ರೆ ಒಳ್ಳೇದು ಹೇಳಿ ಮಾರಾಯ್ರೆ" ಅನ್ನುತ್ತಾರೆ. ನಾನು ಗದ್ದೆ ಮಾಡುವವನು. ಪಿಯುಸಿಗೆ ಓದು ನಿಲ್ಲಿಸಿದವನು. ಆದರೂ ನಮ್ಮ ಸುತ್ತಿನಲ್ಲಿ ಫೋನಿನ ವಿಷಯಕ್ಕೆ ನನ್ನ ಮಾತೇ ಕೊನೆ. ಇದು ಹೇಗೆ ಶುರುವಾಯಿತೋ ನೆನಪಿಲ್ಲ. ಬಹುಶಃ ಯಾರದೋ ಫೋನಿನ ಟಾರ್ಚು ಆರಿಸಿಕೊಟ್ಟಿದ್ದರಿಂದ ಇರಬೇಕು.

ನನ್ನದೊಂದು ಕ್ರಮ ಇದೆ. ಯಾರೇ ಕೇಳಲಿ, ಮೊದಲು ನೀವು ದಿನಾ ಏನು ಮಾಡುತ್ತೀರಿ ಹೇಳಿ ಅನ್ನುತ್ತೇನೆ. ಮಾಡುವ ಕೆಲಸಕ್ಕೆ ಆ್ಯಪ್ ಬೇಕೇ ಹೊರತು ಆ್ಯಪಿಗಾಗಿ ಕೆಲಸ ಹುಡುಕಬಾರದು. ಮಾತ್ರೆ ಚೀಟಿಯ ಅಕ್ಷರ ಕಾಣದವರಿಗೆ ಅಕ್ಷರ ದೊಡ್ಡದು ಮಾಡಿ ತೋರಿಸುವುದನ್ನು ಹಾಕಿಕೊಡುತ್ತೇನೆ. ಮದುವೆ ಕರೆಯಲು ಊರೂರು ತಿರುಗುವವರಿಗೆ ನಕ್ಷೆ. ಅದನ್ನು ಶಿರಸಿ ಪೇಟೆಯಲ್ಲಿ ಇರುವಾಗಲೇ ಇಳಿಸಿಕೊಂಡು ಇಟ್ಟುಕೊಳ್ಳಿ, ಕಾಡಿನೊಳಗೆ ಹೊಕ್ಕಮೇಲೆ ನೆಟ್‌ವರ್ಕ್ ನಿಮ್ಮ ಜೊತೆ ಬರುವುದಿಲ್ಲ ಎಂದು ಎಚ್ಚರಿಸುತ್ತೇನೆ. ಎಲೆಯ ಫೋಟೋ ತೆಗೆದರೆ ರೋಗ ಹೇಳುವ ಆ್ಯಪ್ ಒಂದಿದೆ, ಚೆನ್ನಾಗಿದೆ. ಆದರೆ ಎಂಥ ಎಲೆ ತೋರಿಸಿದರೂ ಕೊನೆಗೆ ಒಂದು ಔಷಧಿ ಹೊಡೆಯಿರಿ ಅನ್ನುತ್ತದೆ, ಹಾಗಾಗಿ ಅದರ ಮಾತಿನಲ್ಲಿ ಅರ್ಧ ಮಾತ್ರ ಕೇಳಬೇಕು. ಹವಾಮಾನದ್ದನ್ನು ನೋಡಬಹುದು, ನಂಬಬೇಕಾಗಿಲ್ಲ. ನಿದ್ದೆ ಬರಿಸುವ ಆ್ಯಪ್ ಇದೆಯಾ ಎಂದು ಕೇಳಿದ ಒಬ್ಬ ಅಜ್ಜಿಗೆ, ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿ ಮಲಗಿ ಎಂದೆ. ಮಾರನೇ ವಾರ ಸಿಕ್ಕಿ, ಒಳ್ಳೇ ಗುಣ ಬಂತು ಎಂದರು.

ಹೀಗೆ ಊರಿಗೆಲ್ಲ ಉಪದೇಶ ಮಾಡುವವನ ಸ್ವಂತ ಫೋನಿನಲ್ಲಿ ಅತಿ ಹೆಚ್ಚು ತೆರೆದ ಆ್ಯಪ್ ಯಾವುದು ಅಂದರೆ, ಹಕ್ಕಿಗಳದ್ದು. ಅದನ್ನು ನಾನು ಬಸ್ಸಿನಲ್ಲಿ ಯಾರಿಗೂ ಹೇಳುತ್ತಿರಲಿಲ್ಲ.

ಅದು ಬಂದಿದ್ದು ಯಲ್ಲಾಪುರದಿಂದ. ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ, ಅಲ್ಲಿನದೇ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಂದು ಚಳಿಗಾಲ ಅವಳ ಮನೆಗೆ ಹೋದಾಗ, ಬೆಳಿಗ್ಗೆ ಚಹಾ ಲೋಟದ ಜೊತೆ ತನ್ನ ಫೋನನ್ನೂ ತಂದು ಅಂಗಳದ ಕಟ್ಟೆಯ ಮೇಲೆ ಇಟ್ಟಳು. "ಅಪ್ಪಯ್ಯ, ಸುಮ್ನೆ ನೋಡ್ತಾ ಇರು. ಎಂತೂ ಮಾಡೂದು ಬ್ಯಾಡ." ಇಬ್ಬನಿ ಇನ್ನೂ ಕರಗಿರಲಿಲ್ಲ, ಬೇಲಿಯಾಚೆ ಏನೂ ಕಾಣುತ್ತಿರಲಿಲ್ಲ. ಪರದೆಯ ಮೇಲ್ಗಡೆ ಒಂದು ಬಿಳಿ ಪಟ್ಟಿ ತನ್ನಷ್ಟಕ್ಕೆ ಹರಿಯುತ್ತಿತ್ತು, ಅದರ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಸಣ್ಣ ಸಣ್ಣ ಗೆರೆಗಳು. ಒಂದು ಗೆರೆ ಮೂಡಿದರೆ ಕೆಳಗೆ ಒಂದು ಹಕ್ಕಿಯ ಚಿತ್ರ ಬೆಳಗುತ್ತಿತ್ತು. ಸೂರಕ್ಕಿ. ಪಿಕಳಾರ. ಮತ್ತೆ ಸೂರಕ್ಕಿ. ಮತ್ತೊಂದು ಯಾವುದೋ ಹಸಿರು ಹಕ್ಕಿ. ಮಂಜಿನೊಳಗಿನಿಂದ ಒಂದೊಂದೇ ಹಕ್ಕಿ ಸದ್ದಿಲ್ಲದೆ ಬಂದು ಪರದೆಯಲ್ಲಿ ಕೂರುತ್ತಿತ್ತು. ನಾನು ಅದನ್ನೇ ನೋಡುತ್ತ ಚಹಾ ಕುಡಿಯುವುದನ್ನು ಮರೆತೆ.

"ಎಷ್ಟು ಚೆಂದ ಕೂಗ್ತದೆ ಅಲ್ದಾ ಅಪ್ಪಯ್ಯ, ಈ ಸೂರಕ್ಕಿ? ಇಲ್ಲೇ, ದಾಸವಾಳದ ಮೇಲೆ" ಎಂದಳು ಮಗಳು.

ದಾಸವಾಳದ ಗಿಡ ನಾಲ್ಕು ಮಾರು ದೂರದಲ್ಲಿತ್ತು. ಹಕ್ಕಿ ಕಂಡಿತು. ಕೊಕ್ಕು ತೆರೆದು ಮುಚ್ಚುವುದೂ ಕಂಡಿತು. ಸದ್ದು ಮಾತ್ರ ಇಲ್ಲ. ನಾನು "ಹೌದು, ಬಾಳ ಚೆಂದ" ಎಂದೆ.

ಸಿದ್ದಾಪುರದ ಚಹಾದಂಗಡಿಯಲ್ಲಿ ಅಷ್ಟು ದಿನದಿಂದ ನಾನು ಭಾಷಣ ಮಾಡಿದ್ದೇ ಮಾಡಿದ್ದು. ಹಕ್ಕಿಗಳೆಲ್ಲ ಮುಗಿದವು, ಮೊಬೈಲ್ ಟವರು ಬಂದು ಎಲ್ಲ ಓಡಿಹೋದವು, ಮೊದಲೆಲ್ಲ ಬೆಳಗಾದರೆ ಕಿವಿ ತೂತಾಗುವಷ್ಟು ಕೂಗುತ್ತಿದ್ದವು ಎಂದು. ನಾಲ್ಕು ಜನ ತಲೆದೂಗಿದ್ದರು ಕೂಡ. ಹಕ್ಕಿಗಳು ಇದ್ದಲ್ಲೇ ಇದ್ದವು. ಹೋಗಿದ್ದು ನನ್ನ ಕಿವಿ. ಎದುರಿಗೆ ಕೂತವರ ಮಾತು ಕೇಳುತ್ತಿತ್ತು, ಬಸ್ಸಿನಲ್ಲಂತೂ ಎಲ್ಲರೂ ಕೂಗಿಯೇ ಮಾತಾಡುವುದರಿಂದ ತೊಂದರೆಯೇ ಇರಲಿಲ್ಲ. ಸಣ್ಣ ಸದ್ದು, ದೂರದ ಸದ್ದು ಯಾವಾಗ ಬಿಟ್ಟುಹೋದವೋ ಗೊತ್ತಾಗಲೇ ಇಲ್ಲ. ಮಗಳ ಹತ್ತಿರ ಆ ಆ್ಯಪನ್ನು ನನ್ನ ಫೋನಿಗೂ ಹಾಕಿಸಿಕೊಂಡೆ. ಯಾಕೆ ಅಂತ ಅವಳಿಗೆ ಹೇಳಲಿಲ್ಲ.

ಇಲ್ಲಿ ನಮ್ಮ ಕಡೆಯ ಕೂ ಬಗ್ಗೆ ಹೇಳಬೇಕು. ನಮ್ಮ ಮನೆ ಮೇಲೆ ದಿಣ್ಣೆಯಲ್ಲಿ, ಗದ್ದೆ ಕೆಳಗೆ. ನಡುವೆ ಒಂದು ತುಂಡು ಕಾಡು, ಒಂದು ಹಳ್ಳ. ಊಟಕ್ಕೆ ಕರೆಯಬೇಕಾದರೆ, ನೆಂಟರು ಬಂದರೆ, ದನ ಬೇಲಿ ಹಾರಿದರೆ, ಮನೆಯಲ್ಲಿದ್ದವರು ಅಂಗಳದ ತುದಿಗೆ ಬಂದು ಅಂಗೈ ಬಾಯಿಗಿಟ್ಟು "ಕೂ…" ಎಂದು ಎಳೆದು ಕೂಗುತ್ತಾರೆ. ಗದ್ದೆಯಲ್ಲಿ ಇದ್ದವರು "ಓ…" ಅನ್ನಬೇಕು. ಅಷ್ಟೇ ಮಾತು. ಪ್ರತಿಯೊಬ್ಬರ ಕೂ ಬೇರೆ. ಯಾರ ಮನೆಯದು, ಯಾರದು, ಹಸಿವಿನದೋ ಸಿಟ್ಟಿನದೋ ಎಲ್ಲ ಗೊತ್ತಾಗುತ್ತದೆ. ನನ್ನ ಹೆಂಡತಿಗೆ ನನ್ನನ್ನು ಕರೆಯಲು ಬೇರೆ ದಾರಿಯೂ ಇಲ್ಲ, ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮ ಕಾಲದ ಹೆಂಗಸರಿಗೆ ಇರಲಿಲ್ಲ. ಅವಳ ಕೂ ತಗ್ಗಿನಲ್ಲಿ ಶುರುವಾಗಿ ಮೇಲೇರಿ, ತುದಿಯಲ್ಲಿ ಸ್ವಲ್ಪ ಬಾಗುತ್ತದೆ. ಮದುವೆಯಾದಾಗಿನಿಂದ ಅದೇ ನನ್ನ ಹೆಸರು.

ಅದು ಕೇಳುವುದು ನಿಂತಿತ್ತು. ಮಧ್ಯಾಹ್ನ ಬಿಸಿಲು ನೋಡಿ ಅಂದಾಜಿನಲ್ಲಿ ಮನೆಗೆ ಹೋಗುತ್ತಿದ್ದೆ, ಅಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು. "ಗಂಟ್ಲು ಹರಿಯೋ ಹಂಗೆ ಕೂಗ್ದೆ, ಎಂತ ಒಂದು ಓ ಅನ್ನೂಕೂ ಆಗೂದಿಲ್ಲೇನು?" ಅನ್ನುತ್ತಿದ್ದಳು. ಹಳ್ಳದ ಸದ್ದು ಅನ್ನುತ್ತಿದ್ದೆ. ಹಳ್ಳ ಬತ್ತಿದ ಮೇಲೆ ಗಾಳಿ ಅನ್ನುತ್ತಿದ್ದೆ. ಕಿವಿ ಕೇಳುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದು ವಾಸಿ ಅಂತ ನನ್ನ ಲೆಕ್ಕ.

ಯಲ್ಲಾಪುರದಿಂದ ಬಂದಮೇಲೆ ಗದ್ದೆಯ ಅಂಚಿನಲ್ಲಿ ಫೋನನ್ನು ಒಂದು ಕಲ್ಲಿಗೆ ಒರಗಿಸಿಟ್ಟು ಕೆಲಸ ಮಾಡುವುದು ಅಭ್ಯಾಸವಾಯಿತು. ಆ ಆ್ಯಪಿಗೆ ನೆಟ್‌ವರ್ಕೂ ಬೇಡ. ಸೌತೆ ಬಳ್ಳಿಯ ಬುಡ ಬಿಡಿಸುತ್ತ ನಡುನಡುವೆ ನೋಡುತ್ತಿದ್ದೆ. ನನಗೆ ಬಿಟ್ಟುಹೋದ ಹಕ್ಕಿಗಳೆಲ್ಲ ಅಲ್ಲಿದ್ದವು. ಮಧ್ಯಾಹ್ನದ ಹೊತ್ತು, ಬಿಸಿಲು ಮಂದವಾಗಿ, ಮರಗಳೆಲ್ಲ ನಿಂತಲ್ಲೇ ತೂಕಡಿಸುವಾಗ, ಆ ಗೆರೆಗಳು ಹರಿಯುವುದನ್ನು ನೋಡುತ್ತ ಕೂತರೆ ನಾನು ಎಚ್ಚರ ಇದ್ದೇನೋ ಮಲಗಿದ್ದೇನೋ ಗೊತ್ತಾಗುತ್ತಿರಲಿಲ್ಲ. ಇಡೀ ಕಾಡು ಕೂಗುತ್ತಿದೆ, ನನಗೆ ಕಾಣುತ್ತಿದೆ. ನನಗೆ ಅದರಿಂದ ಬಹಳ ಸುಖವಾಗುತ್ತಿತ್ತು.

ಒಂದು ದಿನ ಅಂಥ ಹೊತ್ತಿನಲ್ಲಿ ಒಂದು ಹೊಸ ಗೆರೆ ಬಂತು. ಹಕ್ಕಿಗಳ ಗೀಚಿನ ಹಾಗಲ್ಲ, ಉದ್ದ. ತಗ್ಗಿನಲ್ಲಿ ಶುರುವಾಗಿ ಮೇಲೇರಿ, ತುದಿಯಲ್ಲಿ ಸೊಪ್ಪು ಕೊಯ್ಯುವ ಕತ್ತಿಯ ಮೂತಿಯ ಹಾಗೆ ಸ್ವಲ್ಪ ಬಾಗಿತ್ತು. ಕೆಳಗೆ ಯಾವ ಹಕ್ಕಿಯ ಚಿತ್ರವೂ ಬೆಳಗಲಿಲ್ಲ. ನಾನು ಅದನ್ನೇ ನೋಡಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೇ ಆಕಾರ. ಎದ್ದು ನಿಂತು ದಿಣ್ಣೆಯ ಕಡೆ ತಿರುಗಿ "ಓ…" ಎಂದೆ.

ಮನೆಗೆ ಹೋದರೆ ಅನ್ನದಿಂದ ಹಬೆ ಏಳುತ್ತಿತ್ತು. "ಇವತ್ತು ಗಾಳಿ ಇರ್ಲಿಲ್ವೇನು" ಎಂದು ಹೆಂಡತಿ ನಕ್ಕಳು. ಅವಳ ನಗು ನೋಡಿ ಎಷ್ಟು ದಿನವಾಗಿತ್ತು ಅನ್ನಿಸಿತು. ಆಮೇಲಿನ ದಿನಗಳಲ್ಲಿ ನಾನು ಒಂದೂ ಕೂ ತಪ್ಪಿಸಲಿಲ್ಲ. ಊಟದ ಹೊತ್ತಾದರೆ ಪರದೆಯ ಮುಂದೆ ಕೂತೇಬಿಡುತ್ತಿದ್ದೆ. ಕಿವಿಯಿಂದ ಹೋದದ್ದು ಕಣ್ಣಿಗೆ ಬಂತು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಗೆದ್ದವನ ಹಾಗೆ ಓಡಾಡಿದೆ.

ಆದರೆ ಫೋನು ಗೆರೆ ತೋರಿಸುತ್ತದೆ, ಕೂಗಿದವರನ್ನು ತೋರಿಸುವುದಿಲ್ಲ. ಒಂದು ಸಂಜೆ, ಹೊತ್ತು ಮುಳುಗಿ ಗದ್ದೆಯ ಮೇಲೆ ನಸುಗತ್ತಲು ಇಳಿಯುವಾಗ, ಇನ್ನೇನು ಫೋನು ಕಿಸೆಗೆ ಹಾಕಬೇಕು, ಉದ್ದದ ಗೆರೆಯೊಂದು ಮೂಡಿತು. ನಾನು ಪೂರ್ತಿ ನೋಡಲೂ ಇಲ್ಲ. ಈ ಹೊತ್ತಿನಲ್ಲಿ ಕರೆಯುತ್ತಾಳೆಂದರೆ ಯಾರೋ ಬಂದಿರಬೇಕು ಎಂದು ಉತ್ಸಾಹದಲ್ಲಿ "ಓ…" ಎಂದು ದೊಡ್ಡದಾಗಿ ಓಗೊಟ್ಟು ದಿಣ್ಣೆ ಹತ್ತಿದೆ.

ಹೆಂಡತಿ ಬಚ್ಚಲ ಒಲೆಗೆ ಕಟ್ಟಿಗೆ ಹಾಕುತ್ತಿದ್ದವಳು ಅಂಗಳಕ್ಕೆ ಬಂದು ನಿಂತಿದ್ದಳು. ಮುಖ ಬಿಳಿಚಿತ್ತು.

"ಯಾರಿಗೆ ಓ ಅಂದ್ರಿ?"

"ನೀ ಕರೆದೆಯಲ್ಲ."

"ನಾ ಕರೀಲೇ ಇಲ್ಲ."

ಮೂರುಸಂಜೆಯಲ್ಲಿ ಒಂದೇ ಕರೆಗೆ ಓಗೊಡಬಾರದು ಎನ್ನುವುದು ನಮ್ಮಲ್ಲಿ ಮಾತು ಬಂದ ಮಕ್ಕಳಿಗೂ ಗೊತ್ತು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಒಂದೇ ಸಲ ಕರೆದು ಸುಮ್ಮನಾಗುವುದು ಬೇರೆಯದು, ಅದಕ್ಕೆ ಓ ಅಂದವನನ್ನು ಅದು ಬಿಡುವುದಿಲ್ಲ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಆದರೆ ಅವಳ ಚಿಕ್ಕಪ್ಪ ಹೀಗೇ ಒಂದು ಸಂಜೆ ಯಾರೂ ಕರೆಯದ ಕರೆಗೆ ಓ ಎಂದು, ಮನೆಗೆ ಬಂದು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲವಂತೆ. ಅದನ್ನು ಅವಳು ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದಳು. ನನ್ನನ್ನು ಹೊಸಿಲು ದಾಟಲು ಬಿಡದೆ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.

ಮಾರನೇ ದಿನ ವಿಷಯ ತಿಳಿಯಿತು. ಹಳ್ಳದಾಚೆಯ ಮನೆಯ ಹೆಂಗಸು ಎಮ್ಮೆ ಕಾಣದೆ ಮಗನಿಗೆ ಕೂ ಹಾಕಿದ್ದಳು, ಎಮ್ಮೆ ಎದುರಿಗೇ ಬಂದದ್ದರಿಂದ ಒಂದಕ್ಕೇ ನಿಲ್ಲಿಸಿದ್ದಳು. ಒಲೆಯ ಮುಂದಿದ್ದ ನನ್ನ ಹೆಂಡತಿಗೆ ಅದು ಕೇಳಿರಲಿಲ್ಲ. ಹೋಗಿ ಹೇಳಿಬಿಡೋಣ ಅಂದುಕೊಂಡೆ. ಆದರೆ ಹೇಳುವುದೇನು? ದೆವ್ವಕ್ಕೆ ಓ ಅಂದೆ ಎಂದರೆ ಹೆದರುತ್ತಾಳೆ, ನಿಜ. ಬೇರೆ ಮನೆಯ ಹೆಂಗಸಿನ ಕೂಗಿಗೆ ಓ ಅಂದೆ ಎಂದರೆ? ಇಷ್ಟು ವರ್ಷ ಕೇಳಿದ ನನ್ನ ಧ್ವನಿ ನಿಮಗೆ ಗುರುತು ಸಿಗಲಿಲ್ಲವಾ ಎಂದು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಉತ್ತರ ಒಂದೇ ಇತ್ತು, ಅದನ್ನು ಹೇಳಲು ಆಗುತ್ತಿರಲಿಲ್ಲ.

ಅವಳು ಚೌಡಮ್ಮನ ಬನಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ನನ್ನ ಮಣಿಕಟ್ಟಿಗೆ ದಾರ ಕಟ್ಟಿದಳು. ಅಷ್ಟಾದರೆ ಪರವಾಗಿರಲಿಲ್ಲ. "ಇನ್ನು ನಾ ಕೂ ಹಾಕೂದಿಲ್ಲ" ಎಂದಳು. "ನಾ ಕರೆದು ಕರೆದೇ ಅದು ನನ್ನ ಧ್ವನಿ ಕಲ್ತ್ಕೊಂಡಿದ್ದು. ನಾನೇ ಸುಮ್ನಾಗಿಬಿಟ್ರೆ ನೀವು ಯಾವ್ದಕ್ಕೂ ಓ ಅನ್ನೂದು ಬೇಕಾಗೂದಿಲ್ಲ."

ಹೇಳಿದ ಹಾಗೇ ಮಾಡಿದಳು. ಮಧ್ಯಾಹ್ನವಾದರೆ ತಾನೇ ಬುತ್ತಿ ಹಿಡಿದು, ನೋವಿನ ಮಂಡಿ ಹಿಡಿದುಕೊಂಡು, ಆ ತುಂಡು ಕಾಡು ಇಳಿದು ಗದ್ದೆಗೆ ಬರುತ್ತಿದ್ದಳು. ಸಂಜೆ ಹೊತ್ತು ಮುಳುಗುವ ಮೊದಲೇ ಮತ್ತೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ದಾರಿಯುದ್ದಕ್ಕೂ ನನ್ನ ಅಂಗಿಯ ತುದಿ ಹಿಡಿದಿರುತ್ತಿದ್ದಳು. ಫೋನು ಕಲ್ಲಿಗೆ ಒರಗಿ ಕೂತೇ ಇರುತ್ತಿತ್ತು. ಸೂರಕ್ಕಿ ಬರುತ್ತಿತ್ತು, ಪಿಕಳಾರ ಬರುತ್ತಿತ್ತು. ಆ ಬಾಗಿದ ತುದಿಯ ಗೆರೆ ಬರಲಿಲ್ಲ. ಕಿವಿ ಹೋದಾಗ ನನಗೆ ಅವಮಾನವಾಗಿತ್ತೇ ಹೊರತು ದುಃಖವಾಗಿರಲಿಲ್ಲ. ಈಗ ದುಃಖವಾಯಿತು. ಬದುಕಿರುವಾಗಲೇ ನನ್ನ ಹೆಸರನ್ನು ಯಾರೋ ಅಳಿಸಿ ಹಾಕಿದ ಹಾಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬುತ್ತಿ ಬಿಚ್ಚುತ್ತ ಮಂಡಿ ಒತ್ತಿಕೊಂಡಳು. ಬಾಯಿಂದ ಏನೋ ಸಣ್ಣ ಸದ್ದು ಬಂದಿರಬೇಕು, ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು. ನರಳಿದ್ದು. ಎದುರಿಗೇ ಕೂತ ನನಗೆ ಅದು ಕೇಳಿರಲಿಲ್ಲ. ಇನ್ನು ತಡೆಯಲು ಆಗಲಿಲ್ಲ.

"ಇಲ್ಲಿಂದ್ಲೇ ಒಂದು ಕೂ ಹಾಕು" ಎಂದೆ.

"ಹುಚ್ಚು ಹಿಡಿದದಾ ನಿಮ್ಗೆ?"

"ನಡು ಮಧ್ಯಾಹ್ನ. ನಾನು ನಿನ್ನ ಎದುರಿಗೇ ಇದ್ದೇನೆ. ಹಾಕು."

ಅವಳು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿದು, ಗದ್ದೆಯಾಚೆಯ ಮರಗಳ ಕಡೆ ತಿರುಗಿ, ಅಂಗೈ ಬಾಯಿಗಿಟ್ಟು ಕೂಗಿದಳು. ಹತ್ತಿರದಿಂದ ನನಗೂ ಸ್ವಲ್ಪ ಕೇಳಿತು, ಗೋಡೆಯಾಚೆಯಿಂದ ಬಂದ ಹಾಗೆ. ಪರದೆಯ ಮೇಲೆ ಗೆರೆ ದಪ್ಪಗೆ, ಕಪ್ಪಗೆ ಮೇಲೇರಿ ತುದಿಯಲ್ಲಿ ಬಾಗಿತು. ನಾನು ಬೆರಳಿಟ್ಟು ತೋರಿಸಿದೆ.

"ಇದು ನೀನು. ನಂಗೆ ನೀನು ಕೇಳೂದಿಲ್ಲ, ಕಾಣ್ತೀ. ಬಾಳ ದಿನ ಆಯ್ತು."

ಹಕ್ಕಿ, ಹಳ್ಳ, ಗಾಳಿ, ಎಮ್ಮೆ ಕಾಣದ ಹೆಂಗಸು, ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಚಿಕ್ಕಪ್ಪನ ಹಂಗೆ ನೀವೂ ಹೋಗ್ತೀರಿ ಅಂತ ನಾ ರಾತ್ರಿ ಎಲ್ಲ ನಿಮ್ಮ ಉಸಿರು ನೋಡ್ತಾ ಕೂತಿರ್ತಿದ್ದೆ" ಎಂದಳು, ಅಷ್ಟೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಫೋನಿನ ಮೇಲೆ ಬಗ್ಗಿ ಆ ಹರಿಯುವ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಒಂದು ಸೂರಕ್ಕಿ ಬಂದು ಹೋಯಿತು.

"ಮೆಲ್ಲಗೆ ಮಾತಾಡಿದ್ರೂ ಇದ್ರಲ್ಲಿ ಕಾಣ್ತದಾ?"

"ಕಾಣ್ತದೆ."

"ಆ ಕಡೆ ತಿರುಗಿ ಹೇಳಿದ್ರೆ ನಿಮ್ಗೆ ಕೇಳ್ತದಾ?"

"ಇಲ್ಲ" ಎಂದೆ. ಸುಳ್ಳು ಹೇಳುವುದು ಅಷ್ಟು ಹೊತ್ತಿಗೆ ಮುಗಿದಿತ್ತು.

ಅವಳು ಫೋನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ನನಗೆ ಬೆನ್ನು ಮಾಡಿ, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು. ಬಿಸಿಲು, ಗದ್ದೆ, ಬಳ್ಳಿಯ ಎಲೆ, ಯಾವುದೂ ಅಲ್ಲಾಡಲಿಲ್ಲ. ಪರದೆಯ ಮೇಲೆ ಮೂರು ಸಣ್ಣ ಗುಡ್ಡ ಮೂಡಿ, ಮೆಲ್ಲಗೆ ಎಡಕ್ಕೆ ಸರಿದು, ಅಂಚಿನಲ್ಲಿ ಮರೆಯಾದವು.

"ಎಂತ ಹೇಳಿದ್ದು?"

"ನಿಮ್ಮ ಹೆಸ್ರು."

ಮದುವೆಯ ದಿನ ಬಾಗಿಲು ತಡೆದು ಗಂಡನ ಹೆಸರು ಹೇಳು ಎಂದು ಎಲ್ಲರೂ ಕಾಡಿಸಿದಾಗ ಇವಳು ಅತ್ತುಬಿಟ್ಟಿದ್ದಳು, ಕೊನೆಗೆ ನನ್ನ ಅಕ್ಕನೇ ಅವಳ ಪರವಾಗಿ ಹೇಳಿ ಒಳಗೆ ಕರೆದುಕೊಂಡಿದ್ದಳು. ಅಂಥವಳು. ನಾನು ಗದ್ದೆಯ ಅಂಚಿನಲ್ಲಿ ಕೂತು ಮಕ್ಕಳ ಹಾಗೆ ಅತ್ತೆ. ಅವಳು ಬುತ್ತಿಯ ಅನ್ನಕ್ಕೆ ಸಾರು ಹಾಕಿ, ಆರಿ ಹೋಗ್ತದೆ ಉಣ್ಣಿ ಎಂದಳು.

ಆಮೇಲೆ ಇಬ್ಬರೂ ಶಿರಸಿಗೆ ಹೋಗಿ ಕಿವಿಯ ಡಾಕ್ಟರನ್ನು ಕಂಡೆವು. ಈಗ ನನ್ನ ಕಿವಿಯಲ್ಲಿ ಒಂದು ಮಷಿನ್ ಇದೆ. ಅದನ್ನು ಹೆಚ್ಚು ಕಡಿಮೆ ಮಾಡಲು ಫೋನಿನಲ್ಲಿ ಇನ್ನೊಂದು ಆ್ಯಪ್, ಬಸ್ಸಿನಲ್ಲಿ ನನ್ನ ವಯಸ್ಸಿನವರು ಸಿಕ್ಕರೆ ಮೊದಲು ಅದನ್ನೇ ತೋರಿಸುತ್ತೇನೆ. ಮೊದಮೊದಲು ತಟ್ಟೆ ಲೋಟದ ಸದ್ದಿಗೇ ಬೆಚ್ಚಿಬೀಳುತ್ತಿದ್ದೆ, ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆ ಎಂದು ಗೊತ್ತೇ ಇರಲಿಲ್ಲ. ಸೂರಕ್ಕಿ ನಿಜಕ್ಕೂ ಚೆಂದ ಕೂಗುತ್ತದೆ. ಚಹಾದಂಗಡಿಯಲ್ಲಿ ಟವರಿನ ಭಾಷಣ ನಿಲ್ಲಿಸಿದ್ದೇನೆ. ಮಧ್ಯಾಹ್ನ ದಿಣ್ಣೆಯಿಂದ ಕೂ ಬರುತ್ತದೆ, ನಾನು ಓ ಅನ್ನುತ್ತೇನೆ, ಅನ್ನ ಬಿಸಿ ಇರುತ್ತದೆ.

ಮಷಿನ್ ಹಾಕಿಸಿಕೊಂಡು ಬಂದ ದಿನವೇ, ಬಸ್ಸು ಇಳಿದು ಮನೆಯ ದಾರಿಯಲ್ಲಿ ಯಾರೂ ಇಲ್ಲದ್ದು ನೋಡಿ, "ಅವತ್ತು ಗದ್ದೆಯಲ್ಲಿ ಹೇಳಿದ್ದು ಇನ್ನೊಂದ್ಸಲ ಹೇಳು, ಈಗ ಕೇಳ್ತದೆ" ಎಂದೆ.

"ಒಂದ್ಸಲ ಹೇಳಾಯ್ತಲ್ಲ" ಎಂದಳು. "ಕೇಳ್ತದೆ ಅಂತಾದ್ರೆ ನಾ ಯಾಕೆ ಹೇಳ್ಲಿ?"

ದಿನಾ ಕೇಳುತ್ತೇನೆ. ದಿನಾ ಇದೇ ಉತ್ತರ.